ಗಣಕೀಕರಣದಿಂದ ಬ್ಯಾಂಕ್ ನೌಕರರ ಕೆಲಸ ನಿಜಕ್ಕೂ ಹಗುರವಾಗಿದೆಯೇ?

ಪ್ರಶ್ನೆ ಕೇಳಿದವರು: ಹಾವೇರಿ ಕೌಂಟರ್

ನಾನು ಸಾರ್ವಜನಿಕ ವಲಯದ ಬ್ಯಾಂಕೊಂದರ ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಕ್ಲರ್ಕ್ ಆಗಿದ್ದೇನೆ. ನಾನು ಸೇವೆಗೆ ಸೇರುವ ವೇಳೆಗೆ, ಎಲ್ಲ ಶಾಖೆಗಳ ಖಾತೆಗಳನ್ನೂ ಒಂದೇ ಕೇಂದ್ರ ಗಣಕದಲ್ಲಿ ಇಡುವ ಕೋರ್ ಬ್ಯಾಂಕಿಂಗ್ ಬಂದು ಬಹಳ ಕಾಲವಾಗಿತ್ತು. ಕೈಬರಹದ ಲೆಡ್ಜರುಗಳನ್ನು ದಾಖಲೆ ಕೋಣೆಯ ಕಪಾಟಿನಲ್ಲಷ್ಟೇ ನೋಡಿದ್ದೇನೆ. ನಿವೃತ್ತಿಗೆ ಹತ್ತಿರವಾಗಿರುವ ನಮ್ಮ ಶಾಖೆಯ ಹಿರಿಯರು "ನಿಮಗೇನಪ್ಪಾ, ಎಲ್ಲವನ್ನೂ ಕಂಪ್ಯೂಟರೇ ಮಾಡಿಕೊಡುತ್ತದೆ" ಎನ್ನುತ್ತಾರೆ. ಅವರೇ ಇನ್ನೊಮ್ಮೆ "ನಮ್ಮ ಕಾಲದಲ್ಲಿ ಲೆಡ್ಜರ್ ಮುಚ್ಚಿ ಮನೆಗೆ ಹೋದರೆ ಬ್ಯಾಂಕಿನ ನೆನಪೇ ಇರುತ್ತಿರಲಿಲ್ಲ" ಎಂದೂ ಹೇಳುತ್ತಾರೆ. ಈ ಎರಡೂ ಮಾತುಗಳು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ನನಗೆ ಅರ್ಥವಾಗಿಲ್ಲ.

2016ರಲ್ಲಿ ಯುಪಿಐ ಬಂದ ನಂತರ ನಗದು ಕೌಂಟರಿನ ಮುಂದೆ ನಿಲ್ಲುವವರು ಕಡಿಮೆಯಾಗಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ಜನ ಈಗ ಬೇರೆ ಕೆಲಸಕ್ಕೆ ಬರುತ್ತಾರೆ. ಮೊಬೈಲ್ ಸಂಖ್ಯೆ ಬದಲಿಸಬೇಕು, ಆಧಾರ್ ಜೋಡಿಸಬೇಕು, ಕೆವೈಸಿ ನವೀಕರಿಸಬೇಕು, ಖಾತೆಯಿಂದ ಕಡಿತವಾಗಿ ಅಂಗಡಿಯವನಿಗೆ ತಲುಪದ ಹಣ ಎಲ್ಲಿದೆ ಎಂದು ಹೇಳಬೇಕು, ಯಾವುದೋ ರಾಜ್ಯದ ಸೈಬರ್ ಪೊಲೀಸರ ಸೂಚನೆಯ ಮೇರೆಗೆ ತಡೆಹಿಡಿಯಲಾದ ಖಾತೆಯನ್ನು ಯಾವಾಗ ಬಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಪಾಸ್‌ಬುಕ್ ಮುದ್ರಿಸಲು ಕೊಟ್ಟರೆ ಹತ್ತು ರೂಪಾಯಿಯ ಚಹಾ, ಇಪ್ಪತ್ತು ರೂಪಾಯಿಯ ಸೊಪ್ಪು ಎಂದು ಸಾಲುಗಳು ಬೆಳೆಯುತ್ತಾ ಹೋಗಿ, ಹೊಸದಾಗಿ ಕೊಟ್ಟ ಪುಸ್ತಕವೂ ನಿಂತಲ್ಲಿಯೇ ತುಂಬಿಹೋಗುತ್ತದೆ. ಇವೆಲ್ಲದರ ನಡುವೆ ವಿಮೆ ಮಾರಾಟದ ಗುರಿ ಬೇರೆ ಇದೆ. ಸಂಜೆ ನಾವು ಮನೆಗೆ ಹೋಗುವ ಹೊತ್ತು ಮಾತ್ರ ಮುಂದಕ್ಕೇ ಹೋಗುತ್ತಿದೆ.

ಹಳಬರಲ್ಲಿ ನನ್ನ ವಿನಂತಿ ಇಷ್ಟು. ಲೆಡ್ಜರಿನ ಕಾಲದಲ್ಲಿ ನಿಜವಾಗಿಯೂ ನಡೆಯುತ್ತಿದ್ದ ಕೆಲಸವೇನು, ಯಂತ್ರಗಳು ಬಂದಾಗ ನಿಮಗಿದ್ದ ಭಯವೇನು, ಆ ಭಯ ನಿಜವಾಯಿತೇ ಎಂಬುದನ್ನು ತಿಳಿಸಿ. ಈಗ ಸೇವೆಯಲ್ಲಿರುವವರು, ತಂತ್ರಜ್ಞಾನ ನಿಮ್ಮ ಕೈಯಿಂದ ಯಾವ ಕೆಲಸವನ್ನು ತೆಗೆದುಕೊಂಡಿತು, ಯಾವುದನ್ನು ಹೊಸದಾಗಿ ಹೊರಿಸಿತು ಎಂಬುದನ್ನು ನಿಮ್ಮ ನಿಮ್ಮ ಊರಿನ ಅನುಭವದಿಂದ ಬರೆಯಬೇಕು.

ಉತ್ತರ: ಉಡುಪಿಯ ನಿವೃತ್ತ ಅಧಿಕಾರಿ

ಲೆಡ್ಜರ್ ಕೀಪರ್ ಆಗಿ ಸೇರಿ ಕೋರ್ ಬ್ಯಾಂಕಿಂಗ್ ಬಂದ ಮೇಲೆ ನಿವೃತ್ತರಾದ ಪೀಳಿಗೆಯವನು ನಾನು. ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲರ್ಧಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಆಗ ಒಂದು ಚೆಕ್ಕಿಗೆ ಹಣ ಕೊಡಲು ಕನಿಷ್ಠ ಮೂವರ ಕೈ ಬೇಕಾಗುತ್ತಿತ್ತು. ಗ್ರಾಹಕರು ಚೆಕ್ ಕೊಟ್ಟು ಹಿತ್ತಾಳೆಯ ಟೋಕನ್ ಪಡೆದು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಲೆಡ್ಜರ್ ಕೀಪರ್ ಅವರ ಫೋಲಿಯೊ ತೆರೆದು, ಶಿಲ್ಕು ನೋಡಿ, ಖರ್ಚು ಬರೆದು ಅಧಿಕಾರಿಗೆ ದಾಟಿಸುತ್ತಿದ್ದ. ಅಧಿಕಾರಿ ಮಾದರಿ ಸಹಿಯ ಕಾರ್ಡಿನೊಂದಿಗೆ ಸಹಿಯನ್ನು ಹೋಲಿಸಿ ಪಾಸ್ ಮಾಡಿದ ಬಳಿಕವಷ್ಟೇ ಚೆಕ್ ಕ್ಯಾಷಿಯರನ್ನು ತಲುಪಿ, ಟೋಕನ್ ಸಂಖ್ಯೆಯನ್ನು ಕೂಗಲಾಗುತ್ತಿತ್ತು. ಇದು ಕಣ್ಣಿಗೆ ಕಾಣುತ್ತಿದ್ದ ಕೆಲಸ. ಕಾಣದ ಕೆಲಸವೆಂದರೆ ಬ್ಯಾಲೆನ್ಸಿಂಗ್. ನೂರಾರು ಖಾತೆಗಳ ಶಿಲ್ಕುಗಳನ್ನು ಬ್ಯಾಲೆನ್ಸ್ ಪುಸ್ತಕದಲ್ಲಿ ಇಳಿಸಿ, ಕೂಡಿಸಿ, ಆ ಮೊತ್ತ ಶಾಖೆಯ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಅಂಕಿಗೆ ತಾಳೆಯಾಗುವವರೆಗೆ ಬಿಡುವಂತಿರಲಿಲ್ಲ. ತಾಳೆಯಾಗದಿದ್ದಾಗ ಹಿರಿಯ ಗುಮಾಸ್ತರು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದರು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿವೆ, 540 ಎಂದಿರಬೇಕಾದ ಕಡೆ 450 ಎಂದು ಬಿದ್ದಿದೆ ಎಂದು ಊಹಿಸುತ್ತಿದ್ದರು. ಇಲ್ಲವಾದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತದ ವೋಚರನ್ನು ಹುಡುಕುತ್ತಿದ್ದರು, ಏಕೆಂದರೆ ಜಮೆಯಾಗಬೇಕಾದದ್ದು ಖರ್ಚಿಗೆ ಹೋಗಿದ್ದರೆ ವ್ಯತ್ಯಾಸ ಇಮ್ಮಡಿಯಾಗಿ ಕಾಣುತ್ತದೆ. ಇಂತಹ ಉಪಾಯಗಳನ್ನು ಯಾವ ತರಬೇತಿ ಕೇಂದ್ರವೂ ಕಲಿಸಲಿಲ್ಲ. ಪಕ್ಕದಲ್ಲಿ ಕುಳಿತವರಿಂದ ಕಲಿತೆವು.

ಅರ್ಧವಾರ್ಷಿಕ ಬಡ್ಡಿಯ ಲೆಕ್ಕ ಇದಕ್ಕಿಂತ ದೊಡ್ಡ ಶ್ರಮ. ಉಳಿತಾಯ ಖಾತೆಯಲ್ಲಿ ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಶಿಲ್ಕನ್ನು ಕಣ್ಣಿನಿಂದಲೇ ಹುಡುಕಿ, ಆರು ತಿಂಗಳ ಮೊತ್ತಗಳನ್ನು ಕೂಡಿಸಿ, ಬಡ್ಡಿ ಕಟ್ಟಿ, ಇನ್ನೊಬ್ಬರಿಂದ ಪರಿಶೀಲನೆ ಮಾಡಿಸಬೇಕಾಗಿತ್ತು. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ದಿನವಹಿ ಶಿಲ್ಕಿನ ಮೇಲೆ ಬಡ್ಡಿ ಕೊಡಬೇಕೆಂದು ನಿಯಮ ಮಾಡಿತಲ್ಲ, ಅದು ಕೈಬರಹದ ಕಾಲದಲ್ಲಿ ಯೋಚಿಸಲೂ ಆಗದ ಮಾತು. ಗ್ರಾಹಕರಿಗೆ ಅದರಿಂದ ನ್ಯಾಯ ದೊರೆಯಿತು. ಆದ್ದರಿಂದ ಯಂತ್ರಗಳನ್ನು ಪೂರ್ತಿಯಾಗಿ ದೂಷಿಸುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಜೂನ್ ಮತ್ತು ಡಿಸೆಂಬರ್ ತಿಂಗಳುಗಳ ಆ ರಾತ್ರಿಗಳು ಮರಳಿ ಬರಲಿ ಎಂದು ಹಂಬಲಿಸುವ ನಿವೃತ್ತರನ್ನು ನಾನಂತೂ ಕಂಡಿಲ್ಲ.

ಭಯದ ವಿಷಯಕ್ಕೆ ಬರುತ್ತೇನೆ. ಭಯವೆಲ್ಲ ಉದ್ಯೋಗದ್ದೇ ಆಗಿತ್ತು. ಒಂದು ಯಂತ್ರ ಬಂದರೆ ಎಷ್ಟು ಕುರ್ಚಿಗಳು ಖಾಲಿಯಾಗುತ್ತವೆ ಎಂಬ ಲೆಕ್ಕವನ್ನೇ ಸಂಘಗಳ ಸಭೆಗಳಲ್ಲಿ ಮಾಡುತ್ತಿದ್ದರು. ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳ ನಡುವೆ 1983, 1987 ಮತ್ತು 1993ರಲ್ಲಿ ಆದ ಒಪ್ಪಂದಗಳನ್ನು ಓದಿದರೆ, ಯಂತ್ರಗಳು ಎಲ್ಲಿ ಬರಬಹುದು, ಯಾವ ಕೆಲಸಕ್ಕೆ ಬಳಸಬಹುದು, ಅವುಗಳ ಮುಂದೆ ಕೂರುವವರಿಗೆ ಎಷ್ಟು ವಿಶೇಷ ಭತ್ಯೆ ಎಂಬುದರ ಮೇಲೆ ಎಷ್ಟು ಹಟದ ಚೌಕಾಸಿ ನಡೆದಿತ್ತು ಎಂಬುದು ತಿಳಿಯುತ್ತದೆ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಕೆಲವು ಕಾಲ ಯಂತ್ರದಲ್ಲಿಯೂ ಪುಸ್ತಕದಲ್ಲಿಯೂ ಎರಡೆರಡು ಸಲ ಬರೆಯುತ್ತಿದ್ದುದರಿಂದ, ಕೆಲಸವನ್ನು ಕಡಿಮೆ ಮಾಡುವುದಕ್ಕೆಂದು ಬಂದದ್ದು ಆರಂಭದಲ್ಲಿ ಅದನ್ನು ಹೆಚ್ಚಿಸಿತು ಎಂದೇ ಹೇಳಬೇಕು. ನಂತರ ಕೇಂದ್ರ ಜಾಗೃತ ಆಯೋಗವು 2001ರ ಜನವರಿಯೊಳಗೆ ಬ್ಯಾಂಕುಗಳ ವ್ಯವಹಾರದ ಶೇಕಡ 70ರಷ್ಟನ್ನು ಗಣಕೀಕರಿಸಬೇಕು ಎಂದು ಸೂಚಿಸಿತು. ಹೆಚ್ಚು ಕಡಿಮೆ ಅದೇ ಸಮಯಕ್ಕೆ, 2000-01ರಲ್ಲಿ, ಸ್ವಯಂ ನಿವೃತ್ತಿ ಯೋಜನೆ ಬಂದು ಸಾರ್ವಜನಿಕ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಜನ ಹೊರನಡೆದರು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ ಎಂಬುದು ನಿಜ, ಆದರೆ ಐವತ್ತರ ಹರೆಯದಲ್ಲಿ ಕೀಲಿಮಣೆಯನ್ನು ಕಂಡರೆ ಹಿಂಜರಿಯುತ್ತಿದ್ದ ಎಷ್ಟೋ ಒಳ್ಳೆಯ ಲೆಕ್ಕಿಗರು, ಇನ್ನು ನಮ್ಮಿಂದಾಗದು ಎಂದು ತಾವೇ ತೀರ್ಮಾನಿಸಿ ಅರ್ಜಿ ಹಾಕಿದರು. ಅವರ ನಿರ್ಗಮನವನ್ನು ಯಾವ ಶೀರ್ಷಿಕೆಯಲ್ಲಿ ನಮೂದಿಸಬೇಕೋ ನನಗೆ ಗೊತ್ತಿಲ್ಲ.

ನಾವು ಮುಂಗಾಣದೆ ಹೋದ ಸಂಗತಿ ಬೇರೊಂದಿದೆ. ಕುರ್ಚಿಗಳ ಎಣಿಕೆಯಲ್ಲಿಯೇ ಮುಳುಗಿದ್ದ ನಮಗೆ, ತೀರ್ಮಾನ ಮಾಡುವ ಜಾಗವೇ ಶಾಖೆಯಿಂದ ಹೊರಗೆ ಹೋಗುತ್ತದೆ ಎಂಬುದು ಹೊಳೆಯಲಿಲ್ಲ. ಲೆಡ್ಜರ್ ತಪ್ಪಿದರೆ ಅದನ್ನು ತಿದ್ದಿ, ಕಿರುಸಹಿ ಹಾಕುವ ಅಧಿಕಾರ ಶಾಖೆಯಲ್ಲಿಯೇ ಇತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಲೆಡ್ಜರ್ ಶಾಖೆಯದಲ್ಲ, ಬ್ಯಾಂಕಿನದು. ತಪ್ಪಿನ ಹೊಣೆಗೆ ಮಾತ್ರ ಶಾಖೆಯೇ ಬೇಕು. ನಿಮ್ಮ ಹಿರಿಯರ ಎರಡು ಮಾತುಗಳೂ ಒಟ್ಟಿಗೆ ನಿಜವಾಗುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಉತ್ತರ: ಕಲಬುರಗಿ ಕಡೆಯ ಶಾಖಾಧಿಕಾರಿ

ಉಡುಪಿಯ ಹಿರಿಯರು ಕೊನೆಯಲ್ಲಿ ಹೇಳಿರುವ ಮಾತನ್ನೇ ಮುಂದುವರಿಸುತ್ತೇನೆ. ನಾನು ಗ್ರಾಮೀಣ ಶಾಖೆಯಲ್ಲಿ ಕೃಷಿ ಸಾಲ ನೋಡಿಕೊಳ್ಳುವ ಅಧಿಕಾರಿ. ನಮ್ಮಲ್ಲಿ ಬದಲಾವಣೆ ಕಾಣುವುದು ಕೌಂಟರಿನಲ್ಲಲ್ಲ, ಪಹಣಿಯಲ್ಲಿ.

ಕರ್ನಾಟಕದ 1974ರ ಕೃಷಿ ಸಾಲ ಕಾಯ್ದೆಯ ಪ್ರಕಾರ ಬೆಳೆಸಾಲ ಕೊಡುವಾಗ ರೈತರಿಂದ ನಮೂನೆ 3ರಲ್ಲಿ ಘೋಷಣೆ ಪಡೆದು, ಅದನ್ನು ಉಪ ನೋಂದಣಾಧಿಕಾರಿಯ ಕಚೇರಿಗೆ ಕಳುಹಿಸಿ, ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಋಣ ದಾಖಲಾಗುವಂತೆ ನೋಡಿಕೊಳ್ಳಬೇಕು. ನಮ್ಮ ಹಿಂದಿನವರು ಇದಕ್ಕಾಗಿ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ಋಣ ದಾಖಲಾಗುವುದರೊಳಗೆ ಅದೇ ಜಮೀನಿನ ಮೇಲೆ ಇನ್ನೊಂದು ಬ್ಯಾಂಕಿನಲ್ಲಿ ಸಾಲ ಎತ್ತಿದ ಪ್ರಸಂಗಗಳೂ ಇದ್ದವು. ಈಗ ರೈತರ ವಿವರಗಳನ್ನು ಒಂದೆಡೆ ಇಟ್ಟಿರುವ ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಹಾಕಿದರೆ ಭೂಮಿ ದಾಖಲೆಗಳು ಎದುರಿಗೆ ಬರುತ್ತವೆ, ಘೋಷಣೆಯನ್ನು ಅಲ್ಲಿಂದಲೇ ಕಳುಹಿಸಬಹುದು. ಈ ಅನುಕೂಲವನ್ನು ನಾನು ಮನಸಾರೆ ಒಪ್ಪುತ್ತೇನೆ. ಅಲೆದಾಟ ತಪ್ಪಿದ್ದು ನನಗೂ ರೈತರಿಗೂ ದೊಡ್ಡ ನಿರಾಳ.

ತೊಡಕು ಎಲ್ಲಿದೆಯೆಂದರೆ, ನಮ್ಮ ಕಡೆಯ ಹಳ್ಳಿಗಳಲ್ಲಿ ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪೌತಿ ಖಾತೆಯಾಗದೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಗದೆ, ಜಮೀನು ಅವರ ಹೆಸರಿನಲ್ಲಿಯೇ ಇರುತ್ತದೆ. ಪಹಣಿಯಲ್ಲಿ ಶರಣಬಸಪ್ಪ ಎಂದಿರುವವರು ಆಧಾರ್‌ನಲ್ಲಿ ಶರಣಪ್ಪ ಆಗಿರುತ್ತಾರೆ. ಮೊದಲಾದರೆ ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಬರೆಸಿಕೊಂಡು, ಊರಿನ ನಾಲ್ಕು ಜನರನ್ನು ವಿಚಾರಿಸಿ, ಇಬ್ಬರೂ ಒಬ್ಬರೇ ಎಂದು ಮನವರಿಕೆಯಾದ ಮೇಲೆ ವ್ಯವಸ್ಥಾಪಕರು ತಮ್ಮ ಸಹಿಯ ಮೇಲೆ ಸಾಲ ಕೊಡುತ್ತಿದ್ದರು. ಈಗ ಹೆಸರು ಹೊಂದಿಕೆಯಾಗಲಿಲ್ಲ ಎಂದು ಪರದೆ ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಆ ರೈತನ ಹೊಲಕ್ಕೆ ಹೋಗಿ ತೊಗರಿಯನ್ನು ಕಣ್ಣಾರೆ ನೋಡಿ ಬಂದಿರುವ ನನಗೆ ಅವರು ಯಾರೆಂಬುದು ಗೊತ್ತು, ಆದರೆ ಆ ತಿಳಿವಳಿಕೆಯನ್ನು ನಮೂದಿಸಲು ತಂತ್ರಾಂಶದಲ್ಲಿ ಒಂದು ಅಂಕಣವೂ ಇಲ್ಲ. ಎದುರಿಗೆ ಕುಳಿತವರು ಕಂಪ್ಯೂಟರನ್ನು ಬೈಯುವುದಿಲ್ಲ. "ಮೇಡಂ, ನೀವು ಮನಸ್ಸು ಮಾಡಿದ್ರ ಆಗತದ್ರೀ" ಎನ್ನುತ್ತಾರೆ. ಅವರ ಕಣ್ಣಿಗೆ ಇಂದಿಗೂ ಅಧಿಕಾರ ನನ್ನಲ್ಲಿಯೇ ಇದೆ, ಮತ್ತು ನಾನು ಅದನ್ನು ಬೇಕೆಂದೇ ಬಳಸುತ್ತಿಲ್ಲ.

ಬೆರಳಚ್ಚಿನ ಕಥೆಯೂ ಇಂಥದ್ದೇ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಆಧಾರ್ ಮೂಲಕ ಹಣ ತೆಗೆಯಲು ಹೋದ ವಯಸ್ಸಾದ ಹೆಣ್ಣುಮಕ್ಕಳು, ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳುಗಳ ಗುರುತು ಸಿಗದೆ ನಮ್ಮ ಶಾಖೆಗೇ ಬರುತ್ತಾರೆ. ನಾವು ಮಾಡುವುದೇನು? ಹಳೆಯ ಶಾಯಿಯ ಪ್ಯಾಡ್ ತೆಗೆದು, ಹಣ ಹಿಂಪಡೆಯುವ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ಹಾಕಿಸಿ ಹಣ ಕೊಡುತ್ತೇವೆ. ಮೇಲಿನ ಕಚೇರಿಯ ಅಂಕಿಅಂಶಗಳಲ್ಲಿ ಅದು ಶಾಖೆಯಲ್ಲಿ ನಡೆದ, ಅಂದರೆ ನಡೆಯಬಾರದಿದ್ದ ವ್ಯವಹಾರವಾಗಿ ದಾಖಲಾಗುತ್ತದೆ. ಡಿಜಿಟಲ್ ಮಾರ್ಗಕ್ಕೆ ಗ್ರಾಹಕರನ್ನು ಏಕೆ ತಿರುಗಿಸಲಿಲ್ಲ ಎಂದು ಮರುದಿನ ಬೆಳಗಿನ ವಾಟ್ಸ್ಆ್ಯಪ್ ಸಂದೇಶದಲ್ಲಿ ನಮ್ಮ ಶಾಖೆಯ ಹೆಸರು ಕೆಂಪು ಬಣ್ಣದಲ್ಲಿ ಬರುತ್ತದೆ.

ಇನ್ನು ಹೊಣೆಯ ಮಾತು. ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ದೃಢೀಕರಿಸಬೇಕು ಎಂಬುದು ಒಳ್ಳೆಯ ನಿಯಮವೇ ಸರಿ. ಆದರೆ ಇಬ್ಬರೇ ಇರುವ ಶಾಖೆಯಲ್ಲಿ ಒಬ್ಬರು ರಜೆ ಹಾಕಿದ ದಿನ ಬದಲಿ ಸಿಬ್ಬಂದಿಯನ್ನು ಕಳುಹಿಸದೆ, ಶಾಖೆಯನ್ನು ಮುಚ್ಚಲೂ ಬಿಡದೆ, ಹೇಗಾದರೂ ನಿಭಾಯಿಸಿ ಎಂದರೆ ಆ "ಹೇಗಾದರೂ" ಎಂಬುದರ ಅರ್ಥವೇನು? ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರಬೇಕು ಎಂದೇ ಅರ್ಥ. ಬಾಯಿಮಾತಿನಲ್ಲಿ ಹೀಗೆ ಹೇಳಿದವರು ಮುಂದೆ ತನಿಖೆ ಬಂದಾಗ ಇರುವುದಿಲ್ಲ, ದಾಖಲೆಯಲ್ಲಿ ಇರುವುದು ನಮ್ಮ ಯೂಸರ್ ಐಡಿ ಮಾತ್ರ. ನನ್ನ ಪರಿಚಯದ ಒಬ್ಬ ಅಧಿಕಾರಿ ಇದೇ ಕಾರಣಕ್ಕೆ ಆರೋಪಪಟ್ಟಿ ಪಡೆದು, ಬಡ್ತಿ ಕಳೆದುಕೊಂಡರು. ಆ ದಿನ ಅವರು ಊರಿನಲ್ಲಿಯೇ ಇರಲಿಲ್ಲ.

ಉತ್ತರ: ಬೆಂಗಳೂರು ತಂತ್ರಜ್ಞಾನ ವಿಭಾಗ

ಮೇಲಿನ ಇಬ್ಬರ ಬರಹಗಳನ್ನೂ ಗೌರವದಿಂದ ಓದಿದೆ. ಆದರೂ ಹಿಡಿತವೆಲ್ಲ ಕೇಂದ್ರಕ್ಕೆ, ಹೊಣೆಯೆಲ್ಲ ಶಾಖೆಗೆ ಎಂಬ ಚಿತ್ರದಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪಬಲ್ಲೆ. ನಾನು ಶಾಖೆಯಲ್ಲಿ ಕೆಲಸ ಮಾಡಿ, ನಂತರ ಬ್ಯಾಂಕಿನ ತಂತ್ರಜ್ಞಾನ ವಿಭಾಗಕ್ಕೆ ಬಂದವನು.

ವ್ಯವಸ್ಥಾಪಕರ ವಿವೇಚನೆಗೆ ಇನ್ನೊಂದು ಮುಖವಿತ್ತು ಎಂಬುದನ್ನು ಮರೆಯಬಾರದು. 2004ರ ಮಾರ್ಚ್‌ನಿಂದ 90 ದಿನ ಬಾಕಿ ಉಳಿದ ಸಾಲವನ್ನು ಅನುತ್ಪಾದಕ ಎಂದು ವರ್ಗೀಕರಿಸಬೇಕೆಂಬ ನಿಯಮ ಜಾರಿಯಲ್ಲಿತ್ತು. ಆದರೂ ತ್ರೈಮಾಸಿಕದ ಕೊನೆಯ ದಿನ ಶಾಖೆಯಲ್ಲಿ ಯಾವ ಖಾತೆ ಕೆಟ್ಟಿತು, ಯಾವುದು ಕೆಡಲಿಲ್ಲ ಎಂಬುದನ್ನು ತೀರ್ಮಾನಿಸುತ್ತಿದ್ದುದು ಬಹಳ ಸಲ ಮನುಷ್ಯರೇ. ದೊಡ್ಡ ಸಾಲಗಾರರಿಗೆ ಆ ವಿವೇಚನೆ ಎಷ್ಟು ಉದಾರವಾಗಿ ದೊರೆಯುತ್ತಿತ್ತು, ಬೀದಿ ಬದಿಯ ವ್ಯಾಪಾರಿಗೆ ಎಷ್ಟು ದೊರೆಯುತ್ತಿತ್ತು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ರಿಸರ್ವ್ ಬ್ಯಾಂಕ್ 2020ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ, 2021ರ ಜೂನ್ 30ರೊಳಗೆ ಈ ವರ್ಗೀಕರಣವನ್ನು ತಂತ್ರಾಂಶವೇ ಮಾಡುವಂತಾಗಬೇಕು ಎಂದು ಹೇಳಿದ್ದು ಈ ಕಾರಣಕ್ಕಾಗಿಯೇ. ನಮ್ಮ ವಿಭಾಗದಲ್ಲಿ ಅದನ್ನು ಜಾರಿಗೆ ತಂದಾಗ ಶಾಖೆಗಳಿಂದ ಬಂದ ದೂರವಾಣಿ ಕರೆಗಳಲ್ಲಿ ಸಿಟ್ಟಿತ್ತು. ಒಬ್ಬ ಹಿರಿಯ ವ್ಯವಸ್ಥಾಪಕರು ಮಾತ್ರ "ಇನ್ನು ಮೇಲೆ ಯಾರದೋ ಶಿಫಾರಸಿಗೆ ನಾನು ಉತ್ತರ ಹೇಳಬೇಕಿಲ್ಲ, ಯಂತ್ರವೇ ಹಾಗೆ ಮಾಡಿತು ಎನ್ನಬಹುದು" ಎಂದರು. ಹಿಡಿತ ತಪ್ಪುವುದರಲ್ಲಿ ಇಂತಹ ಒಂದು ಬಿಡುಗಡೆಯೂ ಇದೆ.

ಕೇಂದ್ರದಲ್ಲಿರುವ ನಾವು ಆರಾಮವಾಗಿದ್ದೇವೆ ಎಂಬ ಭಾವನೆಯೂ ಬೇಡ. ಮೊದಲು ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಎನ್‌ಇಎಫ್‌ಟಿಗೆ ನಿಗದಿತ ಸಮಯವಿತ್ತು, ಸಂಜೆ ಮುಗಿದ ಮೇಲೆ ದಿನದ ಲೆಕ್ಕ ಮುಚ್ಚಿ, ತಂತ್ರಾಂಶದ ದುರಸ್ತಿಗೆ ರಾತ್ರಿ ಸಿಗುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಎನ್‌ಇಎಫ್‌ಟಿ, ಮರುವರ್ಷದ ಡಿಸೆಂಬರ್‌ನಲ್ಲಿ ದೊಡ್ಡ ಮೊತ್ತಗಳ ವರ್ಗಾವಣೆಯ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುವಂತಾದವು. ಯುಪಿಐ ಅಂತೂ ಹುಟ್ಟಿದಂದಿನಿಂದ ನಿದ್ದೆ ಮಾಡಿಲ್ಲ. ದುರಸ್ತಿಗೆ ಈಗ ನಮಗೆ ಸಿಗುವುದು ನಡುರಾತ್ರಿಯ ಕೆಲವೇ ನಿಮಿಷಗಳು, ಅಷ್ಟರಲ್ಲಿ ಮುಗಿಯದಿದ್ದರೆ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ.

ಬ್ಯಾಂಕುಗಳ ವಿಲೀನದ ಸಮಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಕರ್ನಾಟಕದಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಹೆಸರು ಆ ಒಂದೆರಡು ವರ್ಷಗಳಲ್ಲಿ ಮರೆಯಾಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಯಾವ ಬ್ಯಾಂಕನ್ನು ಯಾವುದರೊಂದಿಗೆ ಸೇರಿಸಬೇಕು ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅವು ಒಂದೇ ಕೋರ್ ಬ್ಯಾಂಕಿಂಗ್ ತಂತ್ರಾಂಶವನ್ನು ಬಳಸುತ್ತಿವೆ ಎಂಬುದು. ಹೊರಗಿನವರಿಗೆ ಇದು ಸುಲಭವಾಗಿ ಕಾಣಬಹುದು. ಆದರೆ ಒಂದೇ ಹೆಸರಿನ ತಂತ್ರಾಂಶವನ್ನು ಎರಡು ಬ್ಯಾಂಕುಗಳು ಹತ್ತಾರು ವರ್ಷ ತಮ್ಮ ತಮ್ಮ ಪದ್ಧತಿಗೆ ತಕ್ಕಂತೆ ತಿದ್ದಿಕೊಂಡಿರುತ್ತವೆ. ಒಂದರಲ್ಲಿ ಪಿಂಚಣಿ ಖಾತೆಗೆ ಇರುವ ಸಂಕೇತ ಇನ್ನೊಂದರಲ್ಲಿ ಚಿನ್ನದ ಸಾಲದ್ದಾಗಿರಬಹುದು. ವಾರಾಂತ್ಯದಲ್ಲಿ ದತ್ತಾಂಶ ವರ್ಗಾವಣೆ ಮಾಡಿ ಸೋಮವಾರ ಬಾಗಿಲು ತೆರೆಯುವ ಶಾಖೆಗಳಲ್ಲಿ, ತಮ್ಮದಲ್ಲದ ಪರದೆಯ ಮುಂದೆ ಕುಳಿತು, ತಮ್ಮದಾಗಿದ್ದ ಬ್ಯಾಂಕಿನ ಗ್ರಾಹಕರಿಗೆ ಉತ್ತರ ಹೇಳುತ್ತಿದ್ದ ನೌಕರರಿಗೆ, ತಂತ್ರಜ್ಞಾನದ ಬದಲಾವಣೆ ಮತ್ತು ಸಂಸ್ಥೆಯನ್ನು ಕಳೆದುಕೊಂಡ ದುಃಖ ಎರಡೂ ಒಟ್ಟಿಗೆ ಬಂದವು.

ಒಪ್ಪುವ ಅರ್ಧ ಯಾವುದು ಎಂದರೆ, ಪರದೆಗಳನ್ನು ರೂಪಿಸುವಾಗ ಶಾಖೆಯವರನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆಗೆಂದು ಶಾಖೆಗಳಿಂದ ಕರೆಸಿಕೊಂಡ ಅಧಿಕಾರಿಗಳು ಕೆಲವು ವರ್ಷ ಕೇಂದ್ರದಲ್ಲಿಯೇ ಉಳಿದು, ನನ್ನಂತೆಯೇ, ಕೌಂಟರನ್ನು ನೆನಪಿನಿಂದ ಊಹಿಸಿಕೊಳ್ಳತೊಡಗುತ್ತಾರೆ. ಪರೀಕ್ಷೆಯ ದತ್ತಾಂಶದಲ್ಲಿ ಎಲ್ಲರ ಹೆಸರೂ ಆಧಾರ್‌ಗೆ ಹೊಂದುತ್ತದೆ. ಶರಣಬಸಪ್ಪನವರು ಅಲ್ಲಿಗೆ ಬರುವುದೇ ಇಲ್ಲ.

ಉತ್ತರ: ಹುಬ್ಬಳ್ಳಿಯ ಸಂಘಟನಾ ಕಾರ್ಯಕರ್ತ

ಉಡುಪಿಯ ಹಿರಿಯರು ಹೇಳಿದ ಒಪ್ಪಂದಗಳ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಆ ಒಪ್ಪಂದಗಳನ್ನು ಇಂದು ಅನೇಕರು ಪ್ರಗತಿಗೆ ಒಡ್ಡಿದ ಅಡ್ಡಗಾಲು ಎಂದು ಹಾಸ್ಯ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅವುಗಳ ಬೆಲೆ ಬೇರೆಯೇ ಇದೆ. ಯಂತ್ರವನ್ನು ತರುವ ಮೊದಲು ಅದರ ಮುಂದೆ ಕೂರುವವರೊಂದಿಗೆ ಕುಳಿತು ಮಾತನಾಡಬೇಕು ಎಂಬುದನ್ನು ಅವು ಸ್ಥಾಪಿಸಿದ್ದವು. ಈಗ ಹೊಸ ಆ್ಯಪ್ ಬಂದ ಸುದ್ದಿ ನಮಗೆ ತಿಳಿಯುವುದು ಅದನ್ನು ಎಷ್ಟು ಗ್ರಾಹಕರ ಫೋನಿಗೆ ಹಾಕಿಸಿದಿರಿ ಎಂಬ ಪ್ರಶ್ನೆಯಿಂದ. ವೇತನದ ಮಾತುಕತೆ ನಡೆಯುತ್ತದೆ, ರಜೆಯದು ನಡೆಯುತ್ತದೆ, 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಿಡುವು ಪಡೆದದ್ದೂ ಸಂಘಟನೆಯಿಂದಲೇ. ಆದರೆ ರಾತ್ರಿ ಹತ್ತಕ್ಕೆ ಬರುವ ಸಂದೇಶಕ್ಕೆ ಉತ್ತರಿಸಬೇಕೇ, ಬದಲಿ ಸಿಬ್ಬಂದಿ ಕೊಡದ ದಿನದ ಲಾಗಿನ್‌ಗೆ ಹೊಣೆ ಯಾರು ಎಂಬ ಪ್ರಶ್ನೆಗಳನ್ನು ನಾವು ಬೇಡಿಕೆ ಪಟ್ಟಿಯಲ್ಲಿ ಎದ್ದು ಕಾಣುವಂತೆ ಇಟ್ಟಿಲ್ಲ. ಕಲಬುರಗಿಯ ಮೇಡಂ ಬರೆದಂತಹ ಸಂದರ್ಭದಲ್ಲಿ, ಸಿಬ್ಬಂದಿ ಕೊರತೆಯನ್ನು ಅದೇ ದಿನ ಬೆಳಿಗ್ಗೆ ಪ್ರಾದೇಶಿಕ ಕಚೇರಿಗೆ ಇಮೇಲ್‌ನಲ್ಲಿ ತಿಳಿಸಿ ಇಡುವುದು ಅಗತ್ಯ. ಬಾಯಿಮಾತಿನ ಅನುಮತಿಗೆ ತನಿಖೆಯಲ್ಲಿ ಕಾಸಿನ ಬೆಲೆಯೂ ಇರುವುದಿಲ್ಲ.

ಮರುಪ್ರಶ್ನೆ: ಹಾವೇರಿ ಕೌಂಟರ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಉಡುಪಿಯ ಸರ್ ಹೇಳಿದ 9ರ ಉಪಾಯವನ್ನು ನಮ್ಮ ಹಿರಿಯ ಸಹೋದ್ಯೋಗಿಗೆ ಹೇಳಿದಾಗ, ಅವರು ಬಹಳ ಹೊತ್ತು ಹಳೆಯ ಬ್ಯಾಲೆನ್ಸ್ ಪುಸ್ತಕಗಳ ವಿಷಯವನ್ನೇ ಮಾತನಾಡಿದರು. ಆ ಕಾಲದಲ್ಲಿ ಕೆಲಸ ಗೊತ್ತಿದ್ದವರು ಯಾರು ಎಂಬುದು ಶಾಖೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು ಎಂದು ಅವರ ಮಾತಿನಿಂದ ತಿಳಿಯಿತು. ಇಂದು ಮೆನು ಗೊತ್ತಿದ್ದರೆ ಸಾಕು; ಏಕೆ ಹಾಗೆ ಎಂದು ಗೊತ್ತಿರುವವರನ್ನು ಗುರುತಿಸುವ ದಾರಿಯೇ ಇಲ್ಲದಂತಾಗಿದೆ. ಬೆಂಗಳೂರಿನ ಸರ್ ಅವರಲ್ಲಿ ಒಂದು ಪ್ರಶ್ನೆ: ಶಾಖೆಯವರ ಅನುಭವ ನಿಮ್ಮವರೆಗೆ ತಲುಪಬೇಕಾದರೆ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಕಲಬುರಗಿ ಕಡೆಯ ಶಾಖಾಧಿಕಾರಿ

ಹಾವೇರಿಯವರ ಪ್ರಶ್ನೆಗೆ ಜೊತೆಯಾಗಿ ನನ್ನದೊಂದು ಕೋರಿಕೆ ಇದೆ. ಅರ್ಜಿ ತಿರಸ್ಕೃತವಾದಾಗ ನಮ್ಮ ಪರದೆಯಲ್ಲಿ ಒಂದು ಸಂಖ್ಯೆ ಮತ್ತು ಇಂಗ್ಲಿಷಿನ ಒಂದು ತುಂಡು ವಾಕ್ಯ ಮಾತ್ರ ಕಾಣುತ್ತದೆ. ಯಾವ ದಾಖಲೆಯ ಯಾವ ಹೆಸರು ಯಾವುದಕ್ಕೆ ಹೊಂದಲಿಲ್ಲ, ಅದನ್ನು ಎಲ್ಲಿ ಸರಿಪಡಿಸಿಕೊಳ್ಳಬೇಕು ಎಂಬ ಎರಡು ಸಾಲುಗಳು ಕನ್ನಡದಲ್ಲಿ ಮುದ್ರಿಸಿಕೊಳ್ಳುವಂತೆ ಬಂದರೆ, ಅದನ್ನು ರೈತರ ಕೈಗೆ ಕೊಟ್ಟು ನಾಡಕಚೇರಿಗೆ ಕಳುಹಿಸಬಹುದು. ಅಧಿಕಾರ ನನಗೆ ಮರಳಿ ಬೇಡ, ಕಾರಣವಾದರೂ ನನಗೆ ತಿಳಿಯಲಿ.

ಉತ್ತರ: ಬೆಂಗಳೂರು ತಂತ್ರಜ್ಞಾನ ವಿಭಾಗ

ಮೇಡಂ, ತಿರಸ್ಕಾರದ ಪೂರ್ಣ ಕಾರಣ ಸಾಮಾನ್ಯವಾಗಿ ನಮ್ಮ ಕಡೆಯ ಲಾಗ್‌ನಲ್ಲಿ ದಾಖಲಾಗಿರುತ್ತದೆ. ಶಾಖೆಯ ಪರದೆಗೆ ಅದರ ಸಂಕ್ಷೇಪವನ್ನಷ್ಟೇ ಕಳುಹಿಸುವಂತೆ ಯಾರೋ ಎಂದೋ ತೀರ್ಮಾನಿಸಿರುತ್ತಾರೆ, ಅಷ್ಟೇ. ಕನ್ನಡದ ಮುದ್ರಣವೂ ತಾಂತ್ರಿಕವಾಗಿ ಕಷ್ಟವಲ್ಲ. ಇಂತಹ ಬದಲಾವಣೆಗೆ ಸಹಾಯವಾಣಿಗೆ ಕರೆ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಅದು ದೋಷವೆಂದು ದಾಖಲಾಗಿ, ದೋಷವಲ್ಲ ಎಂಬ ಷರಾದೊಂದಿಗೆ ಮುಚ್ಚಿಹೋಗುತ್ತದೆ. ಪ್ರಾದೇಶಿಕ ಕಚೇರಿಯ ಮೂಲಕ ಕೃಷಿ ಸಾಲ ವಿಭಾಗಕ್ಕೆ ಬದಲಾವಣೆಯ ಕೋರಿಕೆಯಾಗಿ ಬರಬೇಕು; ಆ ವಿಭಾಗ ಒಪ್ಪಿದರೆ ಮಾತ್ರ ನಮ್ಮ ಮೇಜಿಗೆ ಬರುತ್ತದೆ. ಕೋರಿಕೆಯ ಜೊತೆಗೆ ತಿರಸ್ಕೃತವಾದ ಕೆಲವು ಅರ್ಜಿಗಳ ಪರದೆಯ ಚಿತ್ರಗಳನ್ನು, ಗ್ರಾಹಕರ ಖಾಸಗಿ ವಿವರಗಳನ್ನು ಅಳಿಸಿ, ಲಗತ್ತಿಸಿ. ಹಾವೇರಿಯವರೂ ಸೇರಿದಂತೆ ಬೇರೆ ಬೇರೆ ಪ್ರದೇಶಗಳ ಶಾಖೆಗಳು ತಮ್ಮ ತಮ್ಮ ಬ್ಯಾಂಕಿನಲ್ಲಿ ಇದೇ ರೀತಿ ಬರೆದರೆ, ಒಂದೇ ಶಾಖೆಯ ದೂರು ಎಂದು ಬದಿಗಿಡಲು ಯಾರಿಗೂ ಆಗುವುದಿಲ್ಲ.